ಸೊಂಟದ ಪುರಾವೆ

ರೋಗಿಗಳನ್ನು ಎತ್ತಿ ಎತ್ತಿ ನರ್ಸ್‌ಗಳ ಸೊಂಟ ಬಿದ್ದುಹೋಗುತ್ತಿದೆ, ವಾರ್ಡಿಗೆ ರೋಗಿಗೆ ಕಟ್ಟಿ ಎತ್ತುವ ಬೆಲ್ಟುಗಳನ್ನು ಕೊಡಿಸಿ ಎಂದು ನಮ್ಮದೇ ನರ್ಸ್‌ಗಳ ಸಂಘಕ್ಕೆ ಅನುದಾನದ ಅರ್ಜಿ ಹಾಕಿದ್ದೆ. ಸಂದರ್ಶನದಲ್ಲಿ ಅಧ್ಯಕ್ಷೆ ಮುಖ ಸಿಂಡರಿಸಿದರು. ಒಂದು ಕಾಲಕ್ಕೆ ನಮ್ಮ ವಾರ್ಡಿನಲ್ಲೇ ಹೆಡ್ ನರ್ಸ್ ಆಗಿದ್ದವರು.

"ಈ ಕೆಲಸದಿಂದಲೇ ಸೊಂಟ ಹೋಗುತ್ತೆ ಅನ್ನೋಕೆ ಪುರಾವೆ ಎಲ್ಲಮ್ಮ? ನಾವೇನು ದುಡಿದಿಲ್ವಾ? ನಿಮಗೆ ಮೈ ಬಗ್ಗಲ್ಲ, ಅಷ್ಟೇ. ಹೋಗು, ಈ ಸಲ ಆಗಲ್ಲ."

ಅರ್ಜಿ ಎತ್ತಿಕೊಂಡು ಬಾಗಿಲವರೆಗೆ ಹೋದೆ.

"ಏ, ಬಾಮ್ಮ ಇಲ್ಲಿ!" ಮೇಜು ಹಿಡಿದುಕೊಂಡು ಏಳಲಾರದೆ ಒದ್ದಾಡುತ್ತಿದ್ದರು. "ಸ್ವಲ್ಪ ಎಬ್ಬಿಸು. ಸೊಂಟ ಹಿಡ್ಕೊಂಡುಬಿಟ್ಟಿದೆ. ವಾರ್ಡಲ್ಲಿದ್ದಾಗಿಂದ ಇದೇ ಗೋಳು."

ಕಂಕುಳಿಗೆ ಕೈ ಹಾಕಿ ಎತ್ತಿದೆ. ನನ್ನ ಸೊಂಟ ಕಳಕ್ ಅಂತು.

"ನೋಡಿದ್ಯಾ," ಅಂದರು ಅಧ್ಯಕ್ಷೆ, ಸೀರೆ ಸರಿಮಾಡಿಕೊಳ್ಳುತ್ತಾ, "ಬೆಲ್ಟು ಗಿಲ್ಟು ಏನಾದ್ರೂ ಬೇಕಾಯ್ತಾ?"