ಕಣ ಹಾಕದ ನಳಿಕೆ

ಶನಿವಾರ ಮಧ್ಯಾಹ್ನ ಇಂಡಿ ಪಟ್ಟಣದ ಕಾಲೇಜಿನ ಪ್ರಯೋಗಾಲಯದಲ್ಲಿ ಭುವನೇಶ್ವರಿ ಒಬ್ಬಳೇ ಉಳಿದಿದ್ದಳು. ದೇಹದ ಕಿಣ್ವ ಮಾಡುವ ಕೆಲಸವನ್ನು ಅವಳು ತಯಾರಿಸಿದ ಕಬ್ಬಿಣದ ನ್ಯಾನೊ ಕಣವೂ ಮಾಡಿದರೆ ನಳಿಕೆಯ ದ್ರಾವಣ ನೀಲಿಯಾಗಬೇಕು. ಆಯಿತು. ಇನ್ನು ತವರೂರು ಇಂಗಳೇಶ್ವರದ ದಾರಿ ಹಿಡಿಯುವುದೇ ಎಂದು ಚೀಲ ಹೆಗಲಿಗೇರಿಸಿದಳು. ಅಷ್ಟರಲ್ಲಿ, ಹೋಲಿಸಿ ನೋಡಲೆಂದು ಕಣ ಹಾಕದೆ ಇಟ್ಟಿದ್ದ ನಳಿಕೆಯೂ ಮೆಲ್ಲಗೆ ನೀಲಿಗೆ ತಿರುಗಿತು.

ಬಟ್ಟಿ ಇಳಿಸಿದ ನೀರು ಮುಗಿದಿತ್ತೆಂದು ಬೆಳಿಗ್ಗೆ ನಳಿಕೆಗಳನ್ನು ಬೋರಿನ ನೀರಲ್ಲೇ ತೊಳೆದಿದ್ದಳು. ಆ ನೀರಿನ ಕಬ್ಬಿಣವೇ ಬಣ್ಣ ತಂದಿರಬೇಕು; ಹಾಗಾದರೆ ಮೊದಲ ನಳಿಕೆಯ ನೀಲಿಯೂ ಕಣದ್ದೇ ಎನ್ನುವಂತಿರಲಿಲ್ಲ. ಈ ಒಂದು ನಳಿಕೆ ಚೆಲ್ಲಿಬಿಟ್ಟರೆ ಕೇಳುವವರು ಯಾರೂ ಇರಲಿಲ್ಲ.

ಫೋನು ಬಂತು. ತವರಲ್ಲಿ ಅಜ್ಜಿಯ ಹತ್ತಿರ ಬಿಟ್ಟಿದ್ದ ಮಗ ಸಂಗು.

"ಯವ್ವಾ, ಬಸ್ ಹತ್ತಿದೇನ?"

"ಇಲ್ಲಪ. ಕೆಲಸ ಕೆಟ್ಟೈತಿ. ಮತ್ತ ಮೊದಲಿಂದ ಮಾಡಬೇಕು."

"ಹ್ವಾದ ವಾರನೂ ಕೆಟ್ಟಿತ್ತಲ್ಲ. ನಿನಗ ಬರೂದಿಲ್ಲಂದ್ರ ಬ್ಯಾರೇದವ್ರಿಗೆ ಹೇಳು."

"ಇಲ್ಲಿ ಬ್ಯಾರೆ ಯಾರೂ ಇಲ್ಲೋ."

"ಆಯಿ ಹೋಳಿಗಿ ಮಾಡ್ಯಾಳ. ನಿನ್ನ ಪಾಲಿಂದೂ ನಾನೇ ತಿಂತೇನಿ ನೋಡು."

"ತಿನ್ನಪ," ಎಂದಳು.

ಅವನು ಫೋನಿಟ್ಟ. ಭುವನೇಶ್ವರಿ ಎರಡೂ ನಳಿಕೆ ಚೆಲ್ಲಿ, ಬಟ್ಟಿ ಇಳಿಸುವ ಪಾತ್ರೆಗೆ ನೀರು ತುಂಬಿ ಕಾಯಲಿಟ್ಟು, ಅದು ಹನಿಹನಿಯಾಗಿ ಇಳಿಯುವುದನ್ನು ನೋಡುತ್ತ ಸ್ಟೂಲಿನ ಮೇಲೆ ಕೂತಳು.