ಕಸ್ತೂರೆವ್ವನ ಮುಖದ ಚುಕ್ಕಿಗಳು

ಕಸ್ತೂರೆವ್ವ ಲಿಂಗೈಕ್ಯಳಾಗಿ ಎಂಟು ದಿನವಾಗಿತ್ತು. ಹನ್ನೊಂದನೆಯ ದಿನದ ಶಿವಗಣಾರಾಧನೆಗೆ ಮಾಲೆ ಹಾಕೋಣವೆಂದರೆ ಹೂವಿನ ಹಿಪ್ಪರಗಿಯ ಆ ಮನೆಯ ಗೋಡೆಯ ಮೇಲೆ ಅವಳದೊಂದೂ ಫೋಟೋ ಇರಲಿಲ್ಲ. ಸಿಡುಬಿನ ಕಲೆಯ ಮುಖವೆಂದು ಗಂಡ ಬಸಂತರಾಯ ಮಾಸ್ತರರೇ ನಲವತ್ತು ವರ್ಷ ಒಂದಲ್ಲ ಒಂದು ನೆವ ಹೇಳಿ ತೆಗೆಸಿರಲಿಲ್ಲ. ಹೋದ ಶ್ರಾವಣದಲ್ಲಿ ಆಲಮಟ್ಟಿಯಿಂದ ಬಂದಿದ್ದ ಅವರ ತಂಗಿಯ ಮಗಳು ಸುವರ್ಣಾ ತನ್ನ ಹೊಸ ಡಿಜಿಟಲ್ ಕ್ಯಾಮೆರಾದಲ್ಲಿ ಹಿಡಿದದ್ದೊಂದೇ ಉಳಿದಿತ್ತು. ಅದರಲ್ಲಿ ಕಸ್ತೂರೆವ್ವ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತಿದ್ದಳು. ಅಂದು ಕರೆಂಟು ಹೋಗಿತ್ತು. ಪೂಜೆಯ ಹೊತ್ತಿನಲ್ಲಿ ಫ್ಲ್ಯಾಶ್ ಹೊಡೆಯುವುದು ಬೇಡವೆಂದು ಹುಡುಗಿ ದೀಪದ ಬೆಳಕಿನಲ್ಲೇ ತೆಗೆದಿದ್ದಳು.

ಬಸವನ ಬಾಗೇವಾಡಿಯಲ್ಲಿ ಸ್ಟುಡಿಯೋ ಇಟ್ಟಿದ್ದ ಮಲಿಕಸಾಬ ಮಾಸ್ತರರ ಎದುರಿಗೇ ಅದನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದ. ಮುಖದ ತುಂಬ ರವೆ ಚೆಲ್ಲಿದಂತೆ ಚುಕ್ಕಿ. ಬೆಳಕು ಸಾಲದಿದ್ದರೆ ಇಲ್ಲದ ಬೆಳಕನ್ನು ಕ್ಯಾಮೆರಾ ಎಳೆದು ತರಲು ಹೋಗುತ್ತದೆ, ಆಗ ಹೀಗೆ ಬೀಳುತ್ತವೆ, ತೆಗೆಯಬಹುದು ಎಂದ. ಆಮೇಲೆ ತಡೆದು ಕೇಳಿದ:

"ಮಾಸ್ತರ್ರ, ಅವ್ವಾರನ್ನ ನಾ ನೋಡಿಲ್ರಿ. ಇದರಾಗ ಕ್ಯಾಮೆರಾದ್ವು ಯಾವು, ಅವರವು ಯಾವು?"

"ಎಲ್ಲಾ ಕ್ಯಾಮೆರಾದ್ವ ಅದಾವ. ತಗದುಬಿಡು."

ಮಲಿಕಸಾಬ ಮಾಸ್ತರರನ್ನೊಮ್ಮೆ ನೋಡಿ, ಹೇಳಿದಂತೆ ಮಾಡಿಕೊಟ್ಟ.

ಮನೆಯಲ್ಲಿ ಕಟ್ಟು ಹಾಕಿಸಿದ ಫೋಟೋವನ್ನು ಮಣೆಯ ಮೇಲೆ ಇಟ್ಟರು. ಮಣ್ಣು ಕೊಡಲೆಂದು ಅಗರಖೇಡದಿಂದ ಬಂದು ಉಳಿದಿದ್ದ ಕಸ್ತೂರೆವ್ವನ ಅಕ್ಕ ಗುಂಡವ್ವ ಕನ್ನಡಕ ಒರೆಸಿಕೊಂಡು ನೋಡಿದಳು.

"ಚಂದ ಅದಾಳ್ರಿ. ಯಾರೀಕಿ? ಎರಡನೇ ಲಗ್ನಕ್ಕ ಕನ್ಯಾ ನೋಡಿ ಬಂದೀರೇನು?"

ಗುಂಡವ್ವ ಸೆರಗನ್ನು ಬಾಯಿಗೊತ್ತಿಕೊಂಡು ಒಳಗೆ ಹೋದಳು. ಚಿಕ್ಕಂದಿನಲ್ಲಿ ಸಿಡುಬು ಎದ್ದು ಮಲಗಿದ್ದ ಏಳು ವರ್ಷದ ತಂಗಿಯ ಪಕ್ಕದಲ್ಲಿ ಬೇವಿನ ಎಲೆ ಬೀಸುತ್ತ ಕೂತವಳು ಅವಳೇ.

ಮರುದಿನ ಮಾಸ್ತರರು ಮತ್ತೆ ಸ್ಟುಡಿಯೋಕ್ಕೆ ಬಂದು, ಮೊದಲಿನ ಫೋಟೋ ಉಳಿದಿದೆಯೇ ಎಂದು ಕೇಳಿದರು. ಮಲಿಕಸಾಬ ಅಳಿಸಿರಲಿಲ್ಲ. ಅದನ್ನು ತೆರೆದು, ಕುರ್ಚಿಯನ್ನು ಅವರ ಹತ್ತಿರ ಸರಿಸಿದ.

"ಯಾವು ಇರಬೇಕು, ಬಟ್ಟಿಟ್ಟು ತೋರಸ್ರಿ. ಉಳದದ್ದು ನಾ ತಗೀತೇನಿ."

ಮಾಸ್ತರರು ಬೆರಳೆತ್ತಿದರು. ಗಲ್ಲದ ಮೇಲೆ ಎರಡಿದ್ದವೋ, ಮೂರೋ? ಹುಬ್ಬಿನ ಹತ್ತಿರ? ಅವಳು ಬಡಿಸಿದ್ದನ್ನು ಪತ್ರಿಕೆಯ ಮೇಲೆ ಕಣ್ಣಿಟ್ಟು ಉಂಡವರು ಅವರು. ಅವಳೊಡನೆ ಜಂಗಮರ ಮಠಕ್ಕೆ ಹೋಗುವಾಗಲೂ ನಾಲ್ಕು ಹೆಜ್ಜೆ ಮುಂದೆ ನಡೆದವರು. ಶಿವ ಕೊಟ್ಟ ಮುಖವನ್ನು ಒಂದು ದಿನವೂ ನಿಂತು ನೋಡಿರಲಿಲ್ಲ.

ಬೆರಳು ತಾನಾಗಿ ಕೆಳಗಿಳಿಯಿತು.

"ನನಗ ಗೊತ್ತಿಲ್ಲಪಾ. ಗುಂಡವ್ವಗ ಗೊತ್ತೈತಿ. ಕೈಕಾಲು ಹಿಡದಾದ್ರೂ ಕರಕೊಂಡು ಬರ್ತೇನಿ."

ಹಿಪ್ಪರಗಿಯ ಬಸ್ಸಿಗೆಂದು ಅವರು ಕೊಡೆ ಊರಿಕೊಂಡು ಎದ್ದರು.