ಕಿಟಕಿ ಪಕ್ಕದ ನಾಲ್ಕು ಸೀಟು

ಮಾವ, ಸೊಸೆ ಇಬ್ಬರೂ ರೈಲ್ವೆಯವರು. ಮಾವ ಬೋಗಿಗಳನ್ನು ದುರಸ್ತಿ ಮಾಡುವ ಕಾರ್ಖಾನೆಯಲ್ಲಿ ಫೋರ್‌ಮನ್. ಸೊಸೆ ಅದೇ ಮಾರ್ಗದ ಲೋಕಲ್ ರೈಲುಗಳಲ್ಲಿ ಟಿಕೆಟ್ ನೋಡುವ ಟಿ.ಸಿ. ಅವಳ ಗಂಡನಿಗೆ ಮಾತ್ರ ರೈಲಿನ ಗೀಳಿಲ್ಲ. ಮನೆಯ ಕೆಳಗೇ ಇದ್ದ ಇಕ್ಕಟ್ಟಾದ ಅಂಗಡಿಯಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಗಡಿಯಾರ ರಿಪೇರಿ ಮಾಡುತ್ತಿದ್ದ. ಅತ್ತೆ ತೀರಿಕೊಂಡ ಮೇಲೆ ಬೆಳಗಿನ ಹೊತ್ತಿನ ಅಡುಗೆಮನೆ ಮಾವನ ಪಾಲಿಗೆ ಬಂದಿತ್ತು. ಸೊಸೆ ಸಮವಸ್ತ್ರದ ಇಸ್ತ್ರಿ ಮುಗಿಸುವಷ್ಟರಲ್ಲಿ ಅವರು ಚಹಾ ಮಾಡಿ, ಇಬ್ಬರ ಊಟದ ಡಬ್ಬಿಯನ್ನೂ ಕಟ್ಟಿಡುತ್ತಿದ್ದರು. ಆಮೇಲೆ ಇಬ್ಬರೂ ಮಾತಾಡಿಕೊಂಡು ಸ್ಟೇಷನ್ನಿಗೆ ನಡೆಯುತ್ತಿದ್ದರು.

ಟಿ.ಸಿ. ಪರೀಕ್ಷೆಗೆ ಕೂರು ಎಂದು ಅವಳ ಬೆನ್ನು ಹತ್ತಿದ್ದವರೂ ಮಾವನೇ. "ಈ ಮನೇಲಿ ಒಬ್ಬ ರೈಲು ರಿಪೇರಿ ಮಾಡ್ತಾನೆ, ಒಬ್ಬ ಟೈಮು ರಿಪೇರಿ ಮಾಡ್ತಾನೆ. ಜನಾನ ರಿಪೇರಿ ಮಾಡೋಕೆ ಒಬ್ಬರು ಬೇಡ್ವಾ?" ಎಂದು ನಗಿಸಿ ಅವಳ ಹಿಂಜರಿಕೆ ಬಿಡಿಸಿದ್ದರು. ಅವಳು ಪಾಸಾದ ದಿನ ಕಾರ್ಖಾನೆಯಲ್ಲಿ ಕಂಡಕಂಡವರಿಗೆಲ್ಲ ಸಿಹಿ ಹಂಚಿದ್ದರು.

ಅವರಿಬ್ಬರ ನಡುವೆ ಬಾಯಿಬಿಟ್ಟು ಆಡದ ಒಂದೇ ಒಂದು ವಿಷಯವಿತ್ತು. ಅದು ಮೊದಲ ದರ್ಜೆಯ ಬೋಗಿ.

ಹಿರಿಯ ನೌಕರರಿಗೆ ಆ ಬೋಗಿಯಲ್ಲಿ ಓಡಾಡಲು ಇಲಾಖೆಯ ಪಾಸು ಇತ್ತು. ಮಾವ ಮತ್ತು ಅವರ ಮೂವರು ಗೆಳೆಯರು ದಿನವೂ ಕಿಟಕಿ ಪಕ್ಕದ ಎದುರುಬದುರು ನಾಲ್ಕು ಸೀಟು ಹಿಡಿದು, ತೊಡೆಗಳ ಮೇಲೆ ಒಂದು ಸೂಟ್‌ಕೇಸು ಅಡ್ಡ ಇಟ್ಟುಕೊಂಡು ಇಸ್ಪೀಟು ಆಡುತ್ತಿದ್ದರು. ಒಬ್ಬನನ್ನು ಎಲ್ಲರೂ ದಪ್ಪಗಾಜು ಎನ್ನುತ್ತಿದ್ದರು, ಕನ್ನಡಕ ಅಂಥದ್ದು. ಇನ್ನೊಬ್ಬ ಬಣ್ಣದ ವಿಭಾಗದವನು, ಮಾತು ಕಡಿಮೆ. ನಾಲ್ಕನೆಯವನು ಉಗ್ರಾಣದವನು. ಅವನು ಹತ್ತುವುದು ಮುಂದಿನ ಸ್ಟೇಷನ್ನಿನಲ್ಲಾದರೂ ಗೆಳೆಯರ ಬಳಿ ಬಿಟ್ಟಿದ್ದ ಅವನ ಕೆಂಪು ಚೌಕಳಿ ಕರವಸ್ತ್ರ ಮೊದಲೇ ಅವನ ಸೀಟಿನ ಮೇಲೆ ಬೀಳುತ್ತಿತ್ತು. ದುಡ್ಡು ಕೊಟ್ಟು ತಿಂಗಳ ಟಿಕೆಟ್ ಮಾಡಿಸಿದವರು ಪಕ್ಕದಲ್ಲೇ ಹಿಡಿಕೆಗೆ ಜೋತುಬಿದ್ದು ನಿಂತಿದ್ದರೂ ಆ ಕರವಸ್ತ್ರ ಮಹಾರಾಜನಂತೆ ಕೂತೇ ಬರುತ್ತಿತ್ತು.

ನಿಯಮವೇನೋ ಬಾಗಿಲ ಮೇಲೆಯೇ ಬರೆದಿತ್ತು: ಪ್ರಯಾಣಿಕರು ನಿಂತಿರುವಾಗ ಸಿಬ್ಬಂದಿ ಸೀಟು ಬಿಟ್ಟುಕೊಡಬೇಕು. ಅದನ್ನು ಯಾರೂ ತಲೆಯೆತ್ತಿ ನೋಡುತ್ತಿರಲಿಲ್ಲ. ಬೆಳಗಿನ ಆ ಬೋಗಿಯನ್ನು ನೋಡಿಕೊಳ್ಳುತ್ತಿದ್ದ ಹಿರಿಯ ಟಿ.ಸಿ. ಇಸ್ಪೀಟಿನ ಮಂಡಳಿ ಹತ್ತಿರವಾದಾಗ ಕಿಟಕಿಯಾಚೆ ನೋಡುತ್ತ ಮುಂದೆ ಹೋಗುವ ಮನುಷ್ಯ. ಸೊಸೆಯೂ ಅವನಿಗೇ ಆ ಬೋಗಿ ಬಿಟ್ಟು ತಾನು ಹಿಂದಿನ ಬೋಗಿಗಳಲ್ಲಿ ತಿರುಗುತ್ತಿದ್ದಳು. ಬೆಕ್ಕಿಗೆ ಗಂಟೆ ಕಟ್ಟುವುದು ತನ್ನ ಪಾಲಿಗೆ ಬರದಿರಲಿ ಎಂಬುದಷ್ಟೇ ಅವಳ ಹಾರೈಕೆ.

ಆದರೆ ಬಂತು. ಹಿರಿಯ ಟಿ.ಸಿ. ಹಲ್ಲು ಕೀಳಿಸಿಕೊಳ್ಳಲು ರಜೆ ಹಾಕಿದ ದಿನವೇ ಮುಂಚಿನ ರೈಲು ರದ್ದಾಗಿ ಎರಡು ರೈಲಿನ ಜನ ಒಂದಕ್ಕೇ ನುಗ್ಗಿದರು. ಮೊದಲ ದರ್ಜೆಯ ಬೋಗಿಯಲ್ಲೂ ಎಳ್ಳು ಹಾಕಿದರೆ ಕೆಳಗೆ ಬೀಳುವಂತಿರಲಿಲ್ಲ. ಸೊಸೆ ಭುಜ ಓರೆ ಮಾಡಿಕೊಂಡು ಒಳಗೆ ನುಸುಳಿದಾಗ ನಡುವಯಸ್ಸಿನ ಹೆಂಗಸೊಬ್ಬಳು ಕರವಸ್ತ್ರದ ಸೀಟನ್ನು ತೋರಿಸಿ, ಇಲ್ಲಿ ಕೂರಬಹುದೇ ಎಂದು ಕೇಳುತ್ತಿದ್ದಳು. ಜನ ಬರ್ತಾರೆ ಎಂದು ದಪ್ಪಗಾಜು ಎಲೆಗಳಿಂದ ಕಣ್ಣು ಕೀಳದೆ ಹೇಳಿದ. ಆ ಹೆಂಗಸು ಸಿಟ್ಟಾಗಲಿಲ್ಲ. ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸಿಕೊಂಡು ನಿಂತಳು.

ಸೊಸೆ ಅವಳ ಟಿಕೆಟ್ ನೋಡಿದಳು. ಸರಿಯಾಗಿತ್ತು. ದಿನಾ ನಿಂತೇ ಹೋಗುತ್ತೀರಾ ಎಂದು ಕೇಳಿದಳು.

"ಚಪ್ಪಲಿ ಅಂಗಡೀಲಿ ಕೆಲಸ ಕಣಮ್ಮ," ಎಂದಳು ಆ ಹೆಂಗಸು. "ದಿನವೆಲ್ಲ ಬೇರೆಯವರ ಕಾಲು ನೋಡೋದೇ ಆಯ್ತು. ದಾರೀಲಾದ್ರೂ ನನ್ನ ಕಾಲಿಗೆ ಸ್ವಲ್ಪ ಬಿಡುವು ಸಿಗಲಿ ಅಂತ ಈ ಟಿಕೆಟ್ ಮಾಡಿಸಿದೆ. ಸಿಕ್ಕಿಲ್ಲ."

ಅವಳ ದನಿಯಲ್ಲಿ ದೂರೂ ಇರಲಿಲ್ಲ. ಅದೇ ಸೊಸೆಗೆ ಚುಚ್ಚಿತು. ಮನೆಯಲ್ಲಿ ಡಬ್ಬಿ ಕಟ್ಟಿಕೊಟ್ಟವರ ಮುಂದೆ ಹೋಗಿ ನಿಂತಳು. ಮಾವ ಎಂದು ಶುರುಮಾಡಿದರೆ ಮುಂದಿನ ಮಾತು ಬರುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

"ಸಾರ್, ನಿಮ್ಮ ಪಾಸು ತೋರಿಸಿ," ಎಂದಳು.

ಮಾವ ತಮಾಷೆ ಎಂದುಕೊಂಡು ನಗುತ್ತಲೇ ಜೇಬಿನಿಂದ ಪಾಸು ತೆಗೆದರು. ಅವಳು ಅದನ್ನು ನೋಡಿ ಮರಳಿಸಿದಳು. "ಪ್ರಯಾಣಿಕರು ನಿಂತಿದ್ದಾರೆ ಸಾರ್. ಸಿಬ್ಬಂದಿ ಸೀಟು ಬಿಟ್ಟುಕೊಡಬೇಕು. ನೀವು ಮೂವರೂ ದಯವಿಟ್ಟು ಎದ್ದೇಳಿ."

ಮಾವನ ನಗು ಮುಖದ ಮೇಲೆಯೇ ಉಳಿದು, ನಿಧಾನವಾಗಿ ಇಳಿಯಿತು. ಅವರು ಎಲೆಗಳನ್ನು ಒಟ್ಟು ಮಾಡಿ, ಸೂಟ್‌ಕೇಸು ಎತ್ತಿಕೊಂಡು ಎದ್ದರು. ಅವರು ಎದ್ದಮೇಲೆ ಉಳಿದಿಬ್ಬರಿಗೂ ಏಳದೆ ಗತಿಯಿರಲಿಲ್ಲ. ಸೊಸೆ ಕರವಸ್ತ್ರವನ್ನು ತೆಗೆದು, ಮಡಿಸಿ, ಮಾವನ ಕೈಗಿತ್ತಳು. ಚಪ್ಪಲಿ ಅಂಗಡಿಯ ಹೆಂಗಸು ಕಿಟಕಿ ಪಕ್ಕ ಕೂತು, ಕಾಲನ್ನು ಸ್ವಲ್ಪ ಮುಂದೆ ಚಾಚಿ ಕಣ್ಣು ಮುಚ್ಚಿಕೊಂಡಳು.

ಮುಂದಿನ ಸ್ಟೇಷನ್ನಿನಲ್ಲಿ ಉಗ್ರಾಣದವನು ಹತ್ತಿದ. ಗೆಳೆಯರು ನಿಂತಿರುವುದನ್ನೂ ತನ್ನ ಜಾಗದಲ್ಲಿ ಯಾರೋ ಕೂತಿರುವುದನ್ನೂ ಕಂಡು ಕೆಂಡಾಮಂಡಲವಾದ. ತಾನು ಯಾರು ಗೊತ್ತೇ ಎಂದು ಟಿ.ಸಿ.ಯನ್ನು ಕೇಳಿದ.

"ಗೊತ್ತು ಸಾರ್, ಉಗ್ರಾಣದವರು," ಎಂದಳು ಅವಳು. "ಈ ಹಿಡಿಕೆ ಖಾಲಿ ಇದೆ, ಹಿಡ್ಕೊಳ್ಳಿ."

ಅವಳು ಅಣಕಿಸಲೆಂದು ಹೇಳಿದ್ದಲ್ಲ. ರೈಲು ಆಗಲೇ ಜಗ್ಗಿತ್ತು, ಅವನು ಬೀಳುವಂತಿದ್ದ. ಆದರೆ ಬೋಗಿಯಲ್ಲಿ ನಗೆಯೆದ್ದಿತು. ಉಗ್ರಾಣದವನಿಗೆ ಸೀಟು ಹೋದದ್ದಕ್ಕಿಂತ ಆ ನಗೆಯೇ ಹೆಚ್ಚು ಉರಿಯಿತು.

ಮನೆಯಲ್ಲಿ ಮಾವ ಜಗಳವಾಡಲಿಲ್ಲ. ಜಗಳವಾಡಿದ್ದರೆ ವಾಸಿಯಿತ್ತು. ಮಾತನ್ನೇ ನಿಲ್ಲಿಸಿದರು. ಮರುದಿನ ಅವಳು ಏಳುವ ಮೊದಲೇ ಹೊರಟುಹೋಗಿದ್ದರು. ಮೇಜಿನ ಮೇಲೆ ಅವಳ ಚಹಾ, ತಟ್ಟೆ ಮುಚ್ಚಿಕೊಂಡು ಕೂತಿತ್ತು. ಡಬ್ಬಿಯೂ ಇತ್ತು. ಸಿಟ್ಟು ಬಂದರೂ ಹೊಟ್ಟೆಗೆ ಮೋಸ ಮಾಡುವ ಜಾಯಮಾನ ಅವರದಲ್ಲ. ಮುಂಚಿನ ರೈಲಿನ ಸಾಮಾನ್ಯ ಬೋಗಿಯಲ್ಲಿ ಅವರು ನಿಂತು ಹೋಗುತ್ತಿದ್ದುದನ್ನು ಯಾರೋ ಕಂಡವರು ಅವಳಿಗೆ ಹೇಳಿದರು. ಗಂಡನ ಪಾಡು ಇತ್ತ ದರಿ ಅತ್ತ ಪುಲಿ. ಅವನು ಊಟಕ್ಕೆ ಬಂದರೆ ಅಪ್ಪನ ಮುಖ ನೋಡಿ ಒಂದು ತುತ್ತು, ಹೆಂಡತಿಯ ಮುಖ ನೋಡಿ ಒಂದು ತುತ್ತು ತಿಂದು, ಅರ್ಜೆಂಟು ಗಡಿಯಾರವೊಂದಿದೆ ಎಂದು ಕೆಳಗಿಳಿಯುತ್ತಿದ್ದ. ಒಂದು ಸಲ ಮಾತ್ರ ಮೆಲ್ಲಗೆ, ನೀನು ಮಾಡಿದ್ದು ಸರಿ, ಆದರೆ ಅಪ್ಪನ ಎದುರು ನನ್ನ ಬಾಯಲ್ಲಿ ಅದನ್ನು ಹೇಳಿಸಬೇಡ ಎಂದ.

ಅಷ್ಟರಲ್ಲಿ ಉಗ್ರಾಣದವನು ಮೇಲಧಿಕಾರಿಯ ಕಿವಿಗೆ ದೂರು ಮುಟ್ಟಿಸಿದ್ದ. ಟಿ.ಸಿ. ತನ್ನ ಕರವಸ್ತ್ರವನ್ನು ನೆಲಕ್ಕೆ ಎಸೆದಳು, ಹಿರಿಯರನ್ನು ಏಕವಚನದಲ್ಲಿ ಗದರಿಸಿ ಎಬ್ಬಿಸಿದಳು, ಅವಳನ್ನು ಈ ಮಾರ್ಗದಿಂದ ತೆಗೆಯಬೇಕು ಎಂದು. ಮೇಲಧಿಕಾರಿಣಿ ಎಲ್ಲರನ್ನೂ ತನ್ನ ಕೋಣೆಗೆ ಕರೆಸಿದಳು. ಸಾಕ್ಷಿ ಹೇಳಬೇಕಾದವರಲ್ಲಿ ಮಾವನೂ ಇದ್ದಾರೆ ಎಂದು ಸೊಸೆಗೆ ತಿಳಿದದ್ದು ಅವರು ಬಾಗಿಲಲ್ಲಿ ಚಪ್ಪಲಿಯ ಧೂಳು ಒರೆಸಿಕೊಂಡು ಒಳಗೆ ಬಂದಾಗಲೇ. ಅವರು ಅವಳತ್ತ ನೋಡಲಿಲ್ಲ. ಉಗ್ರಾಣದವನ ಪಕ್ಕದ ಕುರ್ಚಿಯಲ್ಲಿ ಹೋಗಿ ಕೂತರು.

ಗೋಡೆಯ ತುಂಬ ಹಳಿಗಳ ನಕ್ಷೆಯಿದ್ದ ಆ ಕೋಣೆಯಲ್ಲಿ ಫ್ಯಾನು ಕಟಕಟ ಎನ್ನುತ್ತಿತ್ತು. ಉಗ್ರಾಣದವನು ತನ್ನ ಪುರಾಣವನ್ನು ಉಪ್ಪುಖಾರ ಹಚ್ಚಿ ಹೇಳಿದ. ದಪ್ಪಗಾಜು, ತನಗೆ ಆವತ್ತು ಒಳ್ಳೆಯ ಎಲೆ ಬಂದಿತ್ತು, ಬೇರೇನನ್ನೂ ಗಮನಿಸಲಿಲ್ಲ ಎಂದು ಜಾರಿಕೊಂಡ. ಬಣ್ಣದ ವಿಭಾಗದವನು ಹೌದೆಂದೂ ಅಲ್ಲವೆಂದೂ ಅರ್ಥವಾಗುವಂತೆ ತಲೆಯಾಡಿಸಿದ. ಕೊನೆಗೆ ಅಧಿಕಾರಿಣಿ ಮಾವನನ್ನು ಕೇಳಿದಳು: ಮೊದಲು ಎದ್ದವರು ನೀವೇ ಅಂತೆ, ಏನು ನಡೆಯಿತು?

ಮಾವ ಗಂಟಲು ಸರಿಮಾಡಿಕೊಂಡರು. "ಮೇಡಂ, ಈ ಹುಡುಗಿ ನನ್ನ ಸೊಸೆ. ಹಾಗಾಗಿ ನನ್ನ ಮಾತು ಅರ್ಧ ತೂಕಕ್ಕೆ ತಗೊಂಡರೂ ಪರವಾಗಿಲ್ಲ. ಆದರೆ ಈಗ ನಾವಿಬ್ಬರೂ ಮಾತು ಬಿಟ್ಟಿದ್ದೀವಿ, ಆದ್ದರಿಂದ ಇನ್ನರ್ಧ ಸೇರಿಸಿಕೊಳ್ಳಿ."

ಅಧಿಕಾರಿಣಿ ನಗು ತಡೆದುಕೊಂಡು ಮುಂದೆ ಹೇಳಿ ಎಂದಳು.

"ಏಕವಚನ ಅಂತ ಇವನು ಅಂದ. ಅವಳು ಸಾರ್ ಅಂದಳು. ಕರವಸ್ತ್ರ ಎಸೆದಳು ಅಂದ. ಮಡಿಸಿ ನನ್ನ ಕೈಗೆ ಕೊಟ್ಟಳು. ಆ ಕರವಸ್ತ್ರ ಅಷ್ಟು ನೀಟಾಗಿ ಮಡಿಕೆ ಕಂಡಿದ್ದು ಅದೇ ಮೊದಲು. ಇವನು ಆಗ ರೈಲಲ್ಲೇ ಇರಲಿಲ್ಲ. ತಪ್ಪು ನಮ್ಮದು ಮೇಡಂ. ಕೂರೋ ಹಕ್ಕಿದ್ದವರು ನಿಂತಿದ್ದರು, ನಾವು ಕೂತು ಇಸ್ಪೀಟು ಆಡ್ತಿದ್ವಿ. ಮನೇಲಿ ಅವಳ ಮೇಲೆ ನನಗೆ ಸಿಟ್ಟಿದೆ, ಅದು ಮನೆ ವಿಷಯ. ರೈಲಲ್ಲಿ ಅವಳ ಮೇಲೆ ನನಗೆ ಯಾವ ದೂರೂ ಇಲ್ಲ."

ಉಗ್ರಾಣದವನು ಫ್ಯಾನಿನತ್ತ ನೋಡತೊಡಗಿದ. ಅಧಿಕಾರಿಣಿ ಹೆಚ್ಚು ಎಳೆದಾಡಲಿಲ್ಲ. ಇನ್ನು ಮೇಲೆ ಕರವಸ್ತ್ರ ಜೇಬಿನಲ್ಲೇ ಪ್ರಯಾಣ ಮಾಡಲಿ ಎಂದು ಅವನಿಗೆ ಹೇಳಿ, ಎಲ್ಲರನ್ನೂ ಕಳಿಸಿಬಿಟ್ಟಳು.

ಮಧ್ಯಾಹ್ನದ ಬಿಸಿಲಲ್ಲಿ ಪ್ಲಾಟ್‌ಫಾರಂ ಬಹುಪಾಲು ಖಾಲಿಯಿತ್ತು. ಅವಳ ಪಾಳಿ ಮುಗಿದಿತ್ತು. ಮಾವ ಅರ್ಧ ದಿನದ ರಜೆ ಹಾಕಿದ್ದರು. ಇಬ್ಬರೂ ಒಂದೇ ಬೆಂಚಿನ ಎರಡು ತುದಿಗಳಲ್ಲಿ ಕೂತರು. ಅವಳು ಕೈಚೀಲದ ಜಿಪ್ಪು ಎಳೆದಾಡಿದಳು. ಮೊದಲು ಬಾಯಿಬಿಟ್ಟವರು ಅವರೇ.

"ಎಬ್ಬಿಸಿದ್ದಕ್ಕೆ ನನಗೆ ಬೇಜಾರಿಲ್ಲ ಕಣಮ್ಮ. ಸಾರ್ ಅಂದೆಯಲ್ಲ, ಅದಕ್ಕೆ. ಯಾರೋ ಪರಕೀಯನ್ನ ಕರೆದ ಹಾಗೆ."

ಅವಳು ಜಿಪ್ಪು ಬಿಟ್ಟು ಅವರತ್ತ ತಿರುಗಿದಳು. "ಮಾವ ಅಂದಿದ್ರೆ ನನಗೆ ಹೇಳೋಕೇ ಆಗ್ತಿರಲಿಲ್ಲ ಮಾವ. ನಿಮ್ಮ ಪಕ್ಕದಲ್ಲೇ ಕೂತುಬಿಡ್ತಿದ್ದೆ."

ಮಾವ ಹಳಿಗಳತ್ತ ನೋಡುತ್ತ, ಅದೂ ನಿಜವೇ ಎಂಬಂತೆ ತಲೆದೂಗಿದರು. ಸಾಮಾನ್ಯ ಬೋಗಿಯ ಸುದ್ದಿ ತಾವಾಗಿಯೇ ತೆಗೆದರು. ಅಲ್ಲಿನವರು ಅರ್ಧ ದಾರಿ ಒಬ್ಬರು, ಉಳಿದರ್ಧ ಇನ್ನೊಬ್ಬರು ಎಂದು ಸೀಟು ಹಂಚಿಕೊಳ್ಳುತ್ತಾರಂತೆ. ಮೀನಿನ ಬುಟ್ಟಿಯವನೊಬ್ಬ ಮೊದಲ ದಿನವೇ ಅವರನ್ನೂ ಆ ಲೆಕ್ಕಕ್ಕೆ ಸೇರಿಸಿಕೊಂಡನಂತೆ. ಅವನ ಬಾಯಲ್ಲಿ ಊರವರ ಗುಟ್ಟೆಲ್ಲ ಇದೆ, ಇಸ್ಪೀಟಿಗಿಂತ ಅದೇ ಸೊಗಸು ಎಂದರು. ಆದರೂ ಗೆಳೆಯರನ್ನು ಬಿಡಲಾಗದು, ವಾರದಲ್ಲಿ ಕೆಲವು ದಿನ ಸಾಮಾನ್ಯ ಬೋಗಿ, ಕೆಲವು ದಿನ ಗೆಳೆಯರ ಬೋಗಿ. ಇಸ್ಪೀಟನ್ನು ಊಟದ ಬಿಡುವಿನಲ್ಲಿ ಆಡಿಕೊಂಡರಾಯಿತು ಎಂದು ತಮ್ಮಷ್ಟಕ್ಕೇ ತೀರ್ಮಾನ ಮಾಡಿದರು. ಉಗ್ರಾಣದವನ ಮುನಿಸು ಹೊಸ ಎಲೆಗಳ ಕಟ್ಟು ಕಂಡರೆ ತಾನೇ ಇಳಿಯುತ್ತದೆ ಎಂಬುದರಲ್ಲೂ ಅವರಿಗೆ ಅನುಮಾನವಿರಲಿಲ್ಲ.

ರೈಲು ಬಂತು. ಮೊದಲ ದರ್ಜೆಯ ಬೋಗಿ ಅರ್ಧಕ್ಕರ್ಧ ಖಾಲಿ. ಬಾ ಕೂರು ಎಂದು ಮಾವ ಕಿಟಕಿ ಪಕ್ಕದ ಸೀಟು ತೋರಿಸಿದರು. ಸಮವಸ್ತ್ರದಲ್ಲಿ ಅಲ್ಲಿ ಕೂರಲು ಅವಳಿಗೆ ಸಂಕೋಚ. ಯಾರೂ ನಿಂತಿಲ್ಲ, ನಿಯಮ ನನಗೂ ಗೊತ್ತು ಎಂದು ಅವರು ಗದರಿದ ಮೇಲೆ ಕೂತಳು. ಮೆತ್ತನೆಯ ಸೀಟು, ಒಳಗೆ ಬರುತ್ತಿದ್ದ ಗಾಳಿ, ಎದೆಯ ಮೇಲಿಂದ ಇಳಿದಿದ್ದ ಭಾರ. ಎರಡು ಸ್ಟೇಷನ್ ದಾಟುವಷ್ಟರಲ್ಲಿ ನಿದ್ದೆ ಹತ್ತಿತು.

ಎಚ್ಚರವಾದಾಗ ತಮ್ಮ ಸ್ಟೇಷನ್ನಿನ ನೀರಿನ ಟ್ಯಾಂಕು ಕಾಣುತ್ತಿತ್ತು. ಬೋಗಿ ತುಂಬಿತ್ತು. ಎದುರು ಸೀಟಿನಲ್ಲಿ ಮಾವ ಇರಲಿಲ್ಲ. ಮಗುವನ್ನು ಹೆಗಲಿಗೆ ಹಾಕಿಕೊಂಡ ಯುವಕನೊಬ್ಬ ಕೂತಿದ್ದ. ಮಾವ ಪಕ್ಕದಲ್ಲೇ ಹಿಡಿಕೆ ಹಿಡಿದು ನಿಂತು, ಮಗುವಿಗೆ ಮೂಗು ಸೊಟ್ಟ ಮಾಡಿ ತೋರಿಸುತ್ತಿದ್ದರು.

ಅವಳು ಗಡಿಬಿಡಿಯಿಂದ ಎದ್ದಳು. ತನ್ನನ್ನೂ ಎಬ್ಬಿಸಬೇಕಿತ್ತು, ತಾನೂ ಸಿಬ್ಬಂದಿಯೇ ಅಲ್ಲವೇ ಎಂದಳು.

"ಸೀಟಿಲ್ಲದೆ ನಿಂತಿದ್ದು ಅವನೊಬ್ಬನೇ," ಎಂದರು ಮಾವ. "ಒಬ್ಬರು ಎದ್ದರೆ ಸಾಕಿತ್ತು."

ರೈಲು ನಿಂತಿತು. ಇಬ್ಬರೂ ಇಳಿದು, ರಾತ್ರಿ ಏನು ಅಡುಗೆ ಮಾಡುವುದೆಂದು ಮಾತಾಡಿಕೊಳ್ಳುತ್ತ ಮನೆಯ ಕಡೆ ನಡೆದರು.